ಕಾರಿನ ಫ್ಯಾನು ನಿಂತಿತೇ? ಮೋಟಾರು ಬದಲಿಸುವ ಮೊದಲು ಇಷ್ಟು ನೋಡಿ

ಕೃಷಿಕರ ಕಾರೆಂದರೆ ಬರೇ ಸವಾರಿಗಲ್ಲ. ಹಿಂಡಿ, ಗೊಬ್ಬರ, ಬಾಳೆಗೊನೆ ಎಲ್ಲ ಅದರಲ್ಲೇ. ಮೇಲಾಗಿ ಮಣ್ಣುರಸ್ತೆ, ಏರು, ಒಂದನೇ ಗೇರು. ಇಂಥಲ್ಲಿ ರೇಡಿಯೇಟರಿನ ಫ್ಯಾನು ಕೈಕೊಟ್ಟರೆ ಎಂಜಿನ್ ಕಾಯ್ತದೆ. ಹಾಗೇ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಹೋಗ್ತದೆ, ಹೆಡ್ಡೇ ಸೊಟ್ಟಗಾಗಲೂಬಹುದು. ಅಡಿಕೆ ಮಾರಿದ ದುಡ್ಡು ನೇರ ಗ್ಯಾರೇಜಿಗೆ!

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಪೆಟ್ರೋಲ್ ಕಾರಿನ ಫ್ಯಾನು ನಿಂತಿತು. 'ಮೋಟಾರು ಹೋಗಿದೆ, ಹೊಸತು ಹಾಕ್ಬೇಕು' ಎಂದರು ಮೆಕ್ಯಾನಿಕ್. ಮನೆಯಲ್ಲೇ ಪರೀಕ್ಷಿಸಿದೆ. ಮೋಟಾರು ಸರಿ ಇತ್ತು. ಕೊಟ್ಟಿಗೆಯ ಇಲಿ ವಯರು ಕಡಿದಿತ್ತು. ಎರಡಿಂಚು ವಯರು, ಒಂದಿಷ್ಟು ಟೇಪು. ಕೆಲಸ ಮುಗಿಯಿತು.

ಫ್ಯಾನಿನದ್ದೇ ತೊಂದರೆಯಾ?

ಎಂಜಿನ್ ತಣ್ಣಗಿರುವಾಗ ಫ್ಯಾನು ತಿರುಗದಿರುವುದು ದೋಷವಲ್ಲ. ಹೆಚ್ಚಿನ ಕಾರುಗಳಲ್ಲಿ 90-95 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆಯೇ ಅದಕ್ಕೆ ಕೆಲಸ. ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸ್ತದೆ. ಹಾಗಾಗಿ ನಿಂತಾಗ, ನಿಧಾನ ಹೋಗುವಾಗ ಮಾತ್ರ ಮುಳ್ಳು ಮೇಲೇರಿದರೆ ಫ್ಯಾನಿನ ಮೇಲೆ ಸಂಶಯಪಡಿ. ವೇಗವಾಗಿ ಓಡುವಾಗಲೂ ಏರಿದರೆ ಕೂಲೆಂಟ್ ಕಡಿಮೆಯಾಗಿರಬಹುದು, ಥರ್ಮೋಸ್ಟಾಟ್ ಸಿಕ್ಕಿಕೊಂಡಿರಬಹುದು ಅಥವಾ ರೇಡಿಯೇಟರ್ ಕಟ್ಟಿರಬಹುದು.

ಹುಡುಕುವ ಕ್ರಮ

1. ಕೂಲೆಂಟ್: ಎಂಜಿನ್ ಪೂರ್ತಿ ತಣಿದ ಮೇಲೆ ಮಟ್ಟ ನೋಡಿ. ರೇಡಿಯೇಟರಿನಲ್ಲಿರುವ ಸ್ವಿಚ್ಚಿಗೆ ಬಿಸಿನೀರು ತಾಗದಿದ್ದರೆ ಎಂಜಿನ್ ಕುದಿದರೂ ಫ್ಯಾನು ತಿರುಗೋದಿಲ್ಲ.

2. ಫ್ಯೂಸ್: ಸುಟ್ಟಿದ್ದರೆ ಅದೇ ಆಂಪಿಯರಿನದ್ದು ಹಾಕಿ. ಮತ್ತೆ ಸುಟ್ಟರೆ ಶಾರ್ಟ್ ಉಂಟು ಅಥವಾ ಮೋಟಾರು ಬಿಗಿಯಾಗಿದೆ. ಫ್ಯೂಸಿನ ಬದಲು ತಂತಿ ಸುತ್ತಬೇಡಿ, ಬೆಂಕಿಗೆ ಆಹ್ವಾನ.

3. ರಿಲೇ: ಹಾರ್ನಿನ ರಿಲೇ ಅದೇ ನಮೂನೆಯದ್ದಾದರೆ ಅದಲುಬದಲು ಮಾಡಿ ನೋಡಿ.

4. ಮೋಟಾರು: ಕನೆಕ್ಟರ್ ಬಿಡಿಸಿ, ದಪ್ಪ ವಯರಿನಲ್ಲಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಗರಗರ ತಿರುಗಿದರೆ ಮೋಟಾರು ಸರಿ. ಬೆರಳು, ಪಂಚೆ ದೂರವಿರಲಿ.

5. ಸ್ವಿಚ್: ಹಳೆಯ ಕಾರುಗಳಲ್ಲಿ ರೇಡಿಯೇಟರಿಗೆ ಎರಡು ವಯರಿನ ಸ್ವಿಚ್ ಇರ್ತದೆ. ಕೀಲಿ ಆನ್ ಮಾಡಿ ಆ ಎರಡು ವಯರು ಜೋಡಿಸಿದಾಗ ಫ್ಯಾನು ತಿರುಗಿದರೆ ಸ್ವಿಚ್ಚೇ ಹಾಳು. ಕಂಪ್ಯೂಟರಿರುವ ಹೊಸ ಕಾರುಗಳಲ್ಲಿ ಹೀಗೆ ಮಾಡಬೇಡಿ. ಸ್ಕ್ಯಾನರ್ ಇರುವಲ್ಲಿ ತೋರಿಸಿ.

6. ವಯರು: ಇಷ್ಟರಲ್ಲೂ ಸಿಗದಿದ್ದರೆ ಇಲಿ ಕಡಿದ ಜಾಗ, ತುಕ್ಕು ಹಿಡಿದ ಅರ್ತ್, ಸಡಿಲ ಕನೆಕ್ಟರ್ ಹುಡುಕಿ.

ದಾರಿಯಲ್ಲಿ ಕಾದರೆ

ಏ.ಸಿ. ಆರಿಸಿ, ಹೀಟರ್ ಪೂರ್ತಿ ತಿರುಗಿಸಿ ಬ್ಲೋವರ್ ಹಾಕಿ. ಅದು ಎಂಜಿನಿನ ಬಿಸಿಯನ್ನು ಒಳಕ್ಕೆ ಎಳೀತದೆ. ಮೈ ಬೆವರಿದರೂ ಎಂಜಿನ್ ಉಳೀತದೆ. ಆದಷ್ಟು ಬೇಗ ಬದಿಗೆ ನಿಲ್ಲಿಸಿ ಬಂದ್ ಮಾಡಿ. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡದಲ್ಲಿರುವ, 100 ಡಿಗ್ರಿಗಿಂತಲೂ ಬಿಸಿಯಾದ ನೀರು ಮುಖಕ್ಕೇ ಚಿಮ್ಮೀತು. ಕಾದ ಎಂಜಿನಿಗೆ ತಣ್ಣೀರು ಹೊಯ್ದರೆ ಬಿರುಕು ಬಿಟ್ಟೀತು.

ಕಾರಿಗೆ ಏ.ಸಿ. ಇದ್ದರೆ ಇನ್ನೊಂದು ಸುಲಭ ಪರೀಕ್ಷೆ ಉಂಟು. ಒಂದೇ ಫ್ಯಾನಿನ ಕಾರಿನಲ್ಲಿ ಏ.ಸಿ. ಹಾಕಿದಾಗ ಫ್ಯಾನು ತಿರುಗಿತೆಂದರೆ ಮೋಟಾರಿಗೆ ಖರ್ಚು ಮಾಡುವ ಅಗತ್ಯವೇ ಇಲ್ಲ.

ಅಡಿಕೆ ಸಿಪ್ಪೆಯ ಧೂಳು, ಹುಲ್ಲಿನ ಬೀಜ ರೇಡಿಯೇಟರಿನ ಎಸಳುಗಳಲ್ಲಿ ತುಂಬಿಕೊಳ್ತವೆ. ತಿಂಗಳಿಗೊಮ್ಮೆ, ತಣಿದಾಗ, ಮೆಲ್ಲನೆ ನೀರು ಬಿಟ್ಟು ತೊಳೆಯಿರಿ. ಬಾನೆಟ್ ತೆರೆದಾಗಲೆಲ್ಲ ಇಲಿಯ ಹಿಕ್ಕೆ ಉಂಟೋ ಎಂದೂ ಒಮ್ಮೆ ನೋಡಿ.