ಜನಪದ ದೈವದ ಆಚರಣೆಯಲ್ಲಿ ಪರಸ್ಥಳದವರ ಪಾಲು

ಒಂದು ಊರಿನ ದೈವಾಚರಣೆಯಲ್ಲಿ ಪರಸ್ಥಳದಿಂದ ಬಂದವರಿಗೆ ಪಾಲುಂಟೇ? ಉಂಟಾದರೆ ಅವರು ಪ್ರೇಕ್ಷಕರೋ, ಭಾಗಿಗಳೋ? ಜನಪದ ಧರ್ಮದ ಅಧ್ಯಯನದಲ್ಲಿ ಈ ಪ್ರಶ್ನೆಯು ಗಣನೀಯವಾದುದು.

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದಲ್ಲಿ ಸಾಂತಿಯಾಗೊ ಅತಿತ್ಲಾನ್ ಎಂಬ ಊರಿದೆ. ಅಲ್ಲಿಯ ಮಾಯಾ ಜನರು ಮಾಶಿಮೋನ್ ಎಂಬ ದೈವವನ್ನು ಆರಾಧಿಸುತ್ತಾರೆ. ೧೫೨೪ರಲ್ಲಿ ಸ್ಪೇನಿನವರು ಆ ನಾಡನ್ನು ಆಕ್ರಮಿಸಿದ ತರುವಾಯ ಹಬ್ಬಿದ ಕ್ರೈಸ್ತಮತವೂ ಪ್ರಾಚೀನ ನಂಬಿಕೆಗಳೂ ಈ ದೈವದಲ್ಲಿ ಬೆರೆತಿವೆ. ಟೊಪ್ಪಿಗೆ ಧರಿಸಿ ಬಾಯಲ್ಲಿ ಚುಟ್ಟವಿರಿಸಿಕೊಂಡ ಈ ಮರದ ಮೂರ್ತಿಗೆ ಸ್ಥಿರವಾದ ಗುಡಿಯಿಲ್ಲ. ಧಾರ್ಮಿಕ ಸಂಘದವರ ಮನೆಗಳಲ್ಲಿ ಅದು ಸರದಿಯಂತೆ ನೆಲೆಸುತ್ತದೆ. ಪರದೇಶದ ಪ್ರವಾಸಿಯೂ ಚುಟ್ಟ, ಮದ್ಯ, ಹಣಗಳನ್ನು ಅರ್ಪಿಸಬಹುದು. ಆದರೆ ಅವನಿಗೂ ದೈವಕ್ಕೂ ನಡುವೆ ಮೂರ್ತಿಯ ಪಾಲಕರಿರುತ್ತಾರೆ.

ಇದರೊಡನೆ ನಮ್ಮ ಜಿಲ್ಲೆಯ ನಿದರ್ಶನವೊಂದನ್ನು ಹೋಲಿಸಬಹುದು. ಫಾಲ್ಗುಣ ಬಹುಳದ ಚಿತ್ತಾ ನಕ್ಷತ್ರದಂದು ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ರಥೋತ್ಸವ ಜರುಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದಲೂ ಹೊರ ಜಿಲ್ಲೆಗಳಿಂದಲೂ ಜನರು ನೆರೆಯುತ್ತಾರೆ. ಸ್ವಾಮಿಯು ಈ ಬರಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿ, ದುಡಿದವರಿಗೆ ದುಡಿಮೆಯಷ್ಟೇ ಕೂಲಿ ಸಲ್ಲುವಂತೆ ಮಾಡಿದರೆಂದು ಐತಿಹ್ಯವುಂಟು. ಅವರ ಸಮಾಧಿಯು ಹೊರಮಠದಲ್ಲಿದೆ.

ಇಲ್ಲಿಯ ವಿಶಿಷ್ಟ ಹರಕೆಯೆಂದರೆ ಕೊಬ್ಬರಿ ಸುಡುವುದು. ಭಕ್ತರು ಒಣಕೊಬ್ಬರಿಯನ್ನು ತಂದು ಕೈಯಾರೆ ಬೆಂಕಿಗೆ ಒಪ್ಪಿಸುತ್ತಾರೆ. ಮುಸಲ್ಮಾನರನ್ನೂ ಒಳಗೊಂಡು ಹಲವು ಜಾತಿಮತಗಳವರು ಸ್ವಾಮಿಗೆ ನಡೆದುಕೊಳ್ಳುತ್ತಾರೆ. ಬೆಂಕಿಗೆ ಬಿದ್ದ ಕೊಬ್ಬರಿಯಲ್ಲಿ ಊರಿನವನದು ಯಾವುದು, ಪರಸ್ಥಳದವನದು ಯಾವುದು ಎಂದು ವಿಂಗಡಿಸಲಾಗದು. ಅತಿತ್ಲಾನಿನಲ್ಲಿ ಪಾಲಕರ ಮೂಲಕ ದೊರೆಯುವ ಪಾಲು ಇಲ್ಲಿ ನೇರವಾಗಿಯೇ ದೊರೆಯುತ್ತದೆ.

ಆದರೆ ಇದೇ ಜಾತ್ರೆಯಲ್ಲಿ ಬೇರೊಂದು ಬಗೆಯ ಪಾಲೂ ಇದೆ. ರಥ ಚಲಿಸುವ ಮುನ್ನ ಮುಕ್ತಿ ಬಾವುಟವನ್ನು ಹರಾಜು ಹಾಕುತ್ತಾರೆ. ಲಕ್ಷಾಂತರ ರೂಪಾಯಿ ಕೂಗಿದವರಿಗೆ ಅದು ಸಲ್ಲುತ್ತದೆ. ಬಾವುಟದ ಗೌರವ ಒಬ್ಬನಿಗೆ. ಕೊಬ್ಬರಿಯ ಹರಕೆ ಎಲ್ಲರಿಗೂ. ಹರಾಜಿನ ಮೊತ್ತ ಮಾತ್ರವೇ ಜಾತ್ರೆಯ ಹಿರಿಮೆಯ ಅಳತೆಗೋಲಾದರೆ, ಹೊರಗಿನವನನ್ನು ಒಳಗಿನವನನ್ನಾಗಿ ಮಾಡುವ ಕೊಬ್ಬರಿಯ ಬೆಲೆ ಮರೆಗೆ ಸರಿಯುವ ಅಪಾಯವುಂಟು.

ಹೀಗೆ ನೋಡಿದಾಗ, ಪರಸ್ಥಳದವನು ಭಾಗಿಯಾಗುವುದು ನಂಬಿಕೆಯ ಘೋಷಣೆಯಿಂದಲ್ಲ, ಆ ಸ್ಥಳದ ಕ್ರಮಕ್ಕೆ ಒಪ್ಪಿ ಎಲ್ಲರಂತೆ ನಡೆದುಕೊಳ್ಳುವುದರಿಂದ ಎಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಜಾತ್ರೆಗಳಲ್ಲಿ ಯಾವ ಕ್ರಿಯೆ ಎಲ್ಲರಿಗೂ ತೆರೆದಿದೆ, ಯಾವುದು ಕೆಲವರಿಗಷ್ಟೇ ಮೀಸಲು ಎಂಬುದನ್ನು ಗುರುತಿಸಿ ಬರೆದಿಟ್ಟರೆ, ಈ ವಿಷಯದ ವಿಚಾರವು ಮುಂದುವರಿಯಲು ಸಾಧ್ಯವಾದೀತು.