ನಡತೆಯ ಅಸ್ವಸ್ಥತೆಯುಳ್ಳ ಮಕ್ಕಳಲ್ಲಿ ಆಂಟಿಸೈಕಾಟಿಕ್ ಔಷಧಿಗಳು: ಮುರಗೋಡ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಸೀಮೆಯ ಆಡುಮಾತಿನಲ್ಲಿ ‘ಉಡಾಳ’ ಎಂಬ ಪದದ ವ್ಯಾಪ್ತಿ ಬಹಳ ದೊಡ್ಡದು. ಮಾವಿನ ಮರಕ್ಕೆ ಕಲ್ಲು ಹೊಡೆಯುವ ಹುಡುಗನೂ ಉಡಾಳನೇ. ಸಾಲಿ ತಪ್ಪಿಸಿ ಜಾತ್ರೆ ತಿರುಗುವವನೂ, ಹೆತ್ತ ತಾಯಿಯ ಮೇಲೆ ಕೈಮಾಡುವವನೂ ಉಡಾಳನೇ. ಊರಿನ ಮಾತಿಗೆ ಈ ಮೂವರ ನಡುವೆ ಗೆರೆ ಎಳೆಯುವ ಅಗತ್ಯವಿಲ್ಲ. ಆದರೆ ಮೂರನೆಯವನನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯನು ಆ ಗೆರೆಯನ್ನು ಎಳೆಯಲೇಬೇಕಾಗುತ್ತದೆ. ಏಕೆಂದರೆ ಅಲ್ಲಿ ಬರೆದುಕೊಡಲಾಗುವ ಔಷಧಿ ಬಹುಮಟ್ಟಿಗೆ ಸ್ಕಿಜೋಫ್ರೇನಿಯಾದಂತಹ ತೀವ್ರ ಚಿತ್ತವಿಕಲತೆಗಾಗಿ ರೂಪುಗೊಂಡದ್ದು.

ನಡತೆಯ ಅಸ್ವಸ್ಥತೆ ಎಂದರೆ ಅನ್ಯರ ಹಕ್ಕುಗಳನ್ನೂ ವಯಸ್ಸಿಗೆ ತಕ್ಕ ಸಾಮಾಜಿಕ ಕಟ್ಟಳೆಗಳನ್ನೂ ಪದೇಪದೇ ಉಲ್ಲಂಘಿಸುವ, ಬಹುಕಾಲ ಉಳಿಯುವ ವರ್ತನೆ. ಅಮೆರಿಕದ ಮನೋವೈದ್ಯ ಸಂಘದ ವರ್ಗೀಕರಣವು 15 ಲಕ್ಷಣಗಳನ್ನು ಪಟ್ಟಿಮಾಡಿ, ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ ಮೂರು, ಹಿಂದಿನ ಆರು ತಿಂಗಳುಗಳಲ್ಲಿ ಕನಿಷ್ಠ ಒಂದು ಕಂಡುಬರಬೇಕೆಂದು ವಿಧಿಸುತ್ತದೆ. ಒಂದು ದಿನದ ಜಗಳ, ಒಂದು ಸಲದ ಕಳವು ಇದರೊಳಗೆ ಬರುವುದಿಲ್ಲ. ಬೆಂಗಳೂರಿನ ನಗರ, ಕೊಳೆಗೇರಿ ಹಾಗೂ ಗ್ರಾಮೀಣ ಪ್ರದೇಶಗಳ 2,064 ಮಕ್ಕಳನ್ನು ಒಳಗೊಂಡು 2005ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಂಶೋಧಕರ ಸಮೀಕ್ಷೆಯಲ್ಲಿ ಈ ರೋಗನಿರ್ಣಯಕ್ಕೆ ಒಳಪಟ್ಟವರ ಪ್ರಮಾಣ ಬಹಳ ಕಡಿಮೆಯಿತ್ತು. ಅಂದರೆ ಉಡಾಳರು ಅನೇಕರು, ರೋಗಿಗಳು ವಿರಳ.

ಈ ಔಷಧಿಗಳು ಮಕ್ಕಳ ಚಿಕಿತ್ಸೆಗೆ ಬಂದ ದಾರಿ ಗಮನಾರ್ಹ. 1952ರಲ್ಲಿ ಕ್ಲೋರ್‌ಪ್ರೊಮಜೀನ್ ಮನೋವೈದ್ಯಕೀಯವನ್ನು ಪ್ರವೇಶಿಸಿತು. (ನಮ್ಮ ನಾಡಿನ ಸರ್ಪಗಂಧದಿಂದ ರೆಸರ್ಪೀನನ್ನು ಬೇರ್ಪಡಿಸಿದ್ದೂ ಅದೇ ವರ್ಷ.) ಈ ವರ್ಗದ ಔಷಧಿಗಳು ಮಿದುಳಿನ ಡೋಪಮೀನ್ ಗ್ರಾಹಕಗಳನ್ನು ತಡೆದು ಭ್ರಮೆಗಳನ್ನು ತಗ್ಗಿಸುತ್ತವೆ, ಅದರೊಡನೆ ಉದ್ರೇಕವೂ ತಗ್ಗುತ್ತದೆ. ಈ ಎರಡನೆಯ ಪರಿಣಾಮವನ್ನೇ ಮಕ್ಕಳ ಆಕ್ರಮಣಶೀಲತೆಗೆ ಬಳಸಿಕೊಳ್ಳಲಾಯಿತು. 1984ರಲ್ಲಿ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರು ಆಸ್ಪತ್ರೆಗೆ ದಾಖಲಾಗಿದ್ದ 61 ಮಕ್ಕಳಲ್ಲಿ ಹ್ಯಾಲೊಪೆರಿಡಾಲ್ ಹಾಗೂ ಲಿಥಿಯಂಗಳನ್ನು ಹುಸಿಗುಳಿಗೆಯೊಡನೆ ಹೋಲಿಸಿದರು. ಎರಡೂ ಫಲ ನೀಡಿದವು; ಆದರೆ ಹ್ಯಾಲೊಪೆರಿಡಾಲಿನ ಅಡ್ಡಪರಿಣಾಮಗಳು ಮಕ್ಕಳ ದಿನಚರಿಗೆ ಹೆಚ್ಚು ತೊಡಕಾದವು. ಮುಂದೆ ಅದರ ಸ್ಥಾನವನ್ನು ಬಹುಮಟ್ಟಿಗೆ ರಿಸ್ಪೆರಿಡೋನ್ ಆಕ್ರಮಿಸಿತು.

ಇಂದು ದೊರೆಯುವ ಪುರಾವೆಯ ತೂಕವೆಷ್ಟು? 2017ರ ಕಾಕ್ರೇನ್ ಪರಾಮರ್ಶೆ 5ರಿಂದ 18 ವರ್ಷದ 896 ಮಕ್ಕಳನ್ನೊಳಗೊಂಡ 10 ಪ್ರಯೋಗಗಳನ್ನು ಒಟ್ಟುಗೂಡಿಸಿತು. ಅವುಗಳಲ್ಲಿ ಎಂಟು ರಿಸ್ಪೆರಿಡೋನಿಗೆ ಸಂಬಂಧಿಸಿದವು. ಅಲ್ಪಾವಧಿಯಲ್ಲಿ ಆಕ್ರಮಣಶೀಲತೆ ಕಡಿಮೆಯಾಗುವುದಕ್ಕೆ ಆಧಾರವಿದೆಯಾದರೂ ಅದರ ಗುಣಮಟ್ಟ ಉನ್ನತವಲ್ಲ. ಐದು ವರ್ಷದೊಳಗಿನವರ ಕುರಿತು ಪುರಾವೆಯೇ ಇಲ್ಲ. ಪ್ರಯೋಗಗಳು ಬಹುತೇಕ ಕೆಲವೇ ವಾರಗಳವು. ಪಾಲ್ಗೊಂಡವರಲ್ಲಿ ಬುದ್ಧಿಮತ್ತೆ ಸರಾಸರಿಗಿಂತ ಕಡಿಮೆಯಿದ್ದ ಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರು. ಆ ಕೆಲವೇ ವಾರಗಳಲ್ಲಿ ರಿಸ್ಪೆರಿಡೋನ್ ಪಡೆದವರ ದೇಹತೂಕ ಹುಸಿಗುಳಿಗೆ ಪಡೆದವರಿಗಿಂತ ಸರಾಸರಿ 2.37 ಕಿಲೋಗ್ರಾಂನಷ್ಟು ಹೆಚ್ಚಾಯಿತು. ಬೆಳೆಯುವ ಮಗು ‘ಮೈ ಹಿಡಿಯಿತು’ ಎಂದು ಮನೆಯವರು ಸಂತೋಷಪಡುವ ಸಂಭವವಿರುವುದರಿಂದ ಈ ಅಂಕಿ ವಿಶೇಷ ಗಮನಕ್ಕೆ ಅರ್ಹ. ತೂಕದ ಹಿಂದೆಯೇ ರಕ್ತದ ಸಕ್ಕರೆ ಹಾಗೂ ಕೊಬ್ಬಿನ ಏರುಪೇರು ಬರಬಹುದು. ಪ್ರೊಲ್ಯಾಕ್ಟಿನ್ ಹೆಚ್ಚಿದಾಗ ಹುಡುಗರಲ್ಲಿ ಎದೆ ಬೆಳೆಯುವುದು, ಹುಡುಗಿಯರಲ್ಲಿ ಮುಟ್ಟು ತಪ್ಪುವುದು ಸಂಭವಿಸುತ್ತದೆ. ಹದಿಹರೆಯದವರು ಇವನ್ನು ನಾಚಿಕೆಯಿಂದ ಮುಚ್ಚಿಡುವುದೇ ಹೆಚ್ಚು. ಆದಕಾರಣ ವೈದ್ಯನೇ ಕೇಳಬೇಕು. ಮಂಪರು, ಕೈನಡುಕ, ಸ್ನಾಯುಗಳ ಬಿಗಿತ ಇವು ಉಳಿದವು.

ಈ ಕಾರಣಗಳಿಂದಲೇ ಅನುಮತಿಯ ಪರಿಧಿ ಕಿರಿದಾಗಿದೆ. ಐರೋಪ್ಯ ನಿಯಂತ್ರಕರು ಐದು ವರ್ಷ ಮೇಲ್ಪಟ್ಟ, ಬುದ್ಧಿಮತ್ತೆ ಕಡಿಮೆಯಿರುವ, ನಡತೆಯ ಅಸ್ವಸ್ಥತೆಯುಳ್ಳ ಮಕ್ಕಳ ಸತತ ಆಕ್ರಮಣಶೀಲತೆಗೆ ಆರು ವಾರಗಳವರೆಗೆ ಮಾತ್ರ ಇದನ್ನು ಸಮ್ಮತಿಸಿದ್ದಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿಯು ಮನೋಸಾಮಾಜಿಕ ಚಿಕಿತ್ಸೆ ಫಲಿಸದ, ಸ್ಫೋಟಕ ಕೋಪವುಳ್ಳ ಮಕ್ಕಳಿಗಷ್ಟೇ ಇದನ್ನು ಪರಿಗಣಿಸಬೇಕೆಂದೂ, 3–4 ವಾರಗಳಲ್ಲಿ ಪರಿಶೀಲಿಸಿ, ಆರನೆಯ ವಾರಕ್ಕೂ ಗುಣ ಕಾಣದಿದ್ದರೆ ನಿಲ್ಲಿಸಬೇಕೆಂದೂ ಹೇಳುತ್ತದೆ. ಸುಳ್ಳು, ಕಳವು, ಶಾಲೆ ತಪ್ಪಿಸುವಿಕೆ ಇವುಗಳಿಗೆ ಗುಳಿಗೆಯಿಲ್ಲ. ಈ ಔಷಧಿ ಕೋಪದ ಉರಿಯನ್ನು ತಗ್ಗಿಸೀತು, ನಡತೆಯನ್ನು ಕಲಿಸಲಾರದು.

ಈ ವಿವೇಕ ಮುರಗೋಡದಂತಹ ಊರಿಗೆ ಬಂದಾಗ ತಲೆಕೆಳಗಾಗುವ ಅಪಾಯವಿದೆ. ಮಾರ್ಗಸೂಚಿಗಳ ಪ್ರಕಾರ ಮೊದಲು ಬರಬೇಕಾದದ್ದು ತಂದೆತಾಯಿಗಳ ತರಬೇತಿ, ಶಾಲೆಯೊಡನೆ ಸಮಾಲೋಚನೆ, ಜೊತೆಗಿರಬಹುದಾದ ಅವಧಾನ ನ್ಯೂನತೆ, ಕಲಿಕಾ ತೊಂದರೆ ಅಥವಾ ಮನೆಯೊಳಗಿನ ಹಿಂಸೆಯ ಪತ್ತೆ. 2014ರಲ್ಲಿ ಪ್ರಕಟವಾದ, 6ರಿಂದ 12 ವರ್ಷದ 168 ಮಕ್ಕಳ ಅಮೆರಿಕದ ಅಧ್ಯಯನದಲ್ಲಿಯೂ ಎಲ್ಲರಿಗೂ ಮೊದಲು ಪಾಲಕರ ತರಬೇತಿ ಮತ್ತು ಉತ್ತೇಜಕ ಔಷಧಿ ದೊರೆತು, ಸುಧಾರಣೆಗೆ ಇನ್ನೂ ಅವಕಾಶವಿದ್ದಾಗಲಷ್ಟೇ ರಿಸ್ಪೆರಿಡೋನ್ ಸೇರಿತು. ಹೆಚ್ಚುವರಿ ಪ್ರಯೋಜನ ಸಾಧಾರಣವಾಗಿತ್ತು. ಇಂತಹ ತರಬೇತಿ ನೀಡಬಲ್ಲ ಮನಶ್ಶಾಸ್ತ್ರಜ್ಞರು ನಮ್ಮಲ್ಲಿ ದೊಡ್ಡ ನಗರಗಳಲ್ಲಿಯೇ ಹೆಚ್ಚು. ಅವಧಾನ ನ್ಯೂನತೆಗೆ ಬಳಸುವ ಮಿಥೈಲ್‌ಫೆನಿಡೇಟ್ ಮಾದಕ ವಸ್ತುಗಳ ಕಾಯಿದೆಯ ಹತೋಟಿಯಲ್ಲಿರುವುದರಿಂದ ಸಣ್ಣ ಊರಿನ ಔಷಧಿ ಅಂಗಡಿಯಲ್ಲಿ ಸುಲಭಕ್ಕೆ ದೊರೆಯುವಂಥದ್ದಲ್ಲ. ರಿಸ್ಪೆರಿಡೋನಾದರೋ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ, ಅಗ್ಗವೂ ಹೌದು. ಹೀಗಾಗಿ ಕೊನೆಯದಾಗಬೇಕಾದ ಉಪಾಯವೇ ಮೊದಲನೆಯದಾಗಿ ಬಿಡಬಹುದು.

ಆದರೂ ಈ ಸೀಮೆ ಪೂರ್ಣ ನಿರಾಶ್ರಿತವೇನಲ್ಲ. 1845ರಷ್ಟು ಹಿಂದಕ್ಕೆ ಮೂಲವುಳ್ಳ ಧಾರವಾಡದ ಮಾನಸಿಕ ಆಸ್ಪತ್ರೆ 2009ರಲ್ಲಿ ಡಿಮ್ಹಾನ್ಸ್ ಆಗಿ ಮಾರ್ಪಟ್ಟು, ನೆರೆಯ ಬೆಳಗಾವಿ ಜಿಲ್ಲೆಯವರಿಗೂ ಹತ್ತಿರದ ಆಸರೆಯಾಗಿದೆ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಬೆಳೆದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 2014ರಲ್ಲಿ ರಾಜ್ಯವು ಆರಂಭಿಸಿದ ‘ಮನೋಚೈತನ್ಯ’ದ ಮಂಗಳವಾರದ ತಾಲೂಕು ಆಸ್ಪತ್ರೆ ಚಿಕಿತ್ಸಾಲಯ, 2022ರಿಂದ ಕನ್ನಡದಲ್ಲಿಯೂ ದೊರೆಯುವ 14416 ಸಂಖ್ಯೆಯ ಟೆಲಿ ಮಾನಸ್ ಸೇವೆ ಇವು ನಡುವಿನ ಕೊಂಡಿಗಳು. ತಜ್ಞರು ಆರಂಭಿಸಿದ ಔಷಧಿಯ ನಿಗಾವಣೆಗೆ ಬೇಕಾದ ಮುಖ್ಯ ಸಲಕರಣೆಗಳು ತೂಕದ ಯಂತ್ರ, ಅಳತೆ ಪಟ್ಟಿ, ರಕ್ತದೊತ್ತಡದ ಉಪಕರಣ. ಇವೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊಸವಲ್ಲ. ರಕ್ತಪರೀಕ್ಷೆಗೆ ಮಾತ್ರ ತಾಲೂಕು ಆಸ್ಪತ್ರೆಯನ್ನು ಅವಲಂಬಿಸಬೇಕಾದೀತು.

ಕಾನೂನಿನ ದೃಷ್ಟಿಯೂ ಇಲ್ಲಿ ಪ್ರಸ್ತುತ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದ್ದು, ಅಪ್ರಾಪ್ತರನ್ನು ದಾಖಲಿಸಿದಾಗ ವಯಸ್ಕರಿಂದ ಪ್ರತ್ಯೇಕವಾಗಿರಿಸಬೇಕೆಂದೂ ಪಾಲಕ ಪ್ರತಿನಿಧಿ ಜೊತೆಗಿರಬೇಕೆಂದೂ ವಿಧಿಸುತ್ತದೆ. ಬಾಲನ್ಯಾಯ ಮಂಡಳಿಯ ಮೂಲಕ ವೀಕ್ಷಣಾಲಯ ಸೇರಿದ ಮಕ್ಕಳ ವಿಷಯದಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಸಂಸ್ಥೆಯ ಶಾಂತಿಗಾಗಿ ಮಗುವಿಗೆ ಮಂಪರು ಬರಿಸುವುದು ಚಿಕಿತ್ಸೆಯಲ್ಲ, ಅದು ಗುಳಿಗೆಯ ರೂಪದ ಬಂಧನ.

ಔಷಧಿಯನ್ನು ನಿಲ್ಲಿಸುವ ಕ್ರಮವನ್ನು ಆರಂಭದಲ್ಲಿಯೇ ನಿರ್ಧರಿಸುವುದು ಯೋಗ್ಯ. ದೂರದ ಹಳ್ಳಿಯಿಂದ ಬರುವ ಕುಟುಂಬ ಮರುಭೇಟಿ ತಪ್ಪಿಸಿ ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ಗುಳಿಗೆ ಕೊಂಡೊಯ್ಯಬಹುದು, ಇಲ್ಲವೇ ಒಂದು ದಿನ ಥಟ್ಟನೆ ಬಿಟ್ಟುಬಿಡಬಹುದು. ಎರಡನೆಯದರಲ್ಲಿ ಕೋಪ, ನಿದ್ರಾಹೀನತೆ ಮರುಕಳಿಸುವುದುಂಟು. ಮರುಪರಿಶೀಲನೆಯ ದಿನಾಂಕ, ಆರಂಭದ ತೂಕ, ಯಾವ ಲಕ್ಷಣಕ್ಕಾಗಿ ಔಷಧಿ ನೀಡಲಾಗಿದೆ ಎಂಬ ಮೂರು ವಿವರಗಳನ್ನು ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ, ಮುಂದಿನ ಸಲ ಆ ಮಗುವನ್ನು ನೋಡುವ ವೈದ್ಯನಿಗೂ ಮನೆಯವರಿಗೂ ಅದನ್ನು ಕ್ರಮೇಣ ಇಳಿಸಿ ನಿಲ್ಲಿಸುವ ಆಧಾರ ದೊರೆಯುತ್ತದೆ.