ಮನೆಯ ಮುಗ್ಗಲಿಗೆ ಮದ್ದು: ಸುಗಂಧವಲ್ಲ, ಸುಣ್ಣ ಮತ್ತು ಬಿಸಿಲು

ಮಳೆಗಾಲದಲ್ಲಿ ನಾಲ್ಕು ದಿನ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದೊಡನೆ ಮೂಗಿಗೆ ಬಡಿಯುವ ಮುಗ್ಗಲು ವಾಸನೆ ಯಾರಿಗೂ ಅಪರಿಚಿತವಲ್ಲ. ಅಂಗಡಿಯಲ್ಲಿ ದೊರೆಯುವ ಸುಗಂಧದ ಡಬ್ಬಿಯನ್ನು ತಂದು ಎರಡು ಬಾರಿ ಸಿಂಪಡಿಸಿದರೆ ಅದು ಮರೆಯಾದಂತೆ ತೋರುತ್ತದೆ. ಒಂದೆರಡು ಗಂಟೆ ಕಳೆಯುವಷ್ಟರಲ್ಲಿ ಮಲ್ಲಿಗೆಯೂ ಮುಗ್ಗಲೂ ಬೆರೆತ ಮೂರನೆಯ ವಾಸನೆಯೊಂದು ಹುಟ್ಟಿಕೊಳ್ಳುತ್ತದೆ. ಅದು ಮೊದಲಿನದಕ್ಕಿಂತಲೂ ಅಸಹನೀಯ.

ಇದಕ್ಕೆ ಕಾರಣ ಸರಳವಾಗಿದೆ. ಮುಗ್ಗಲು ಎಂಬುದು ತೇವವಿರುವ ಗೋಡೆ, ಬಟ್ಟೆ, ಕಟ್ಟಿಗೆಗಳ ಮೇಲೆ ಬೆಳೆಯುವ ಬೂಷ್ಟು ಹೊರಸೂಸುವ ಅನಿಲಗಳ ವಾಸನೆ. ಬೂಷ್ಟು ಇರುವವರೆಗೆ ವಾಸನೆಯೂ ಇರುತ್ತದೆ. ತೇವವಿರುವವರೆಗೆ ಬೂಷ್ಟು ಇರುತ್ತದೆ. ಆದುದರಿಂದ ಹಣವನ್ನು ಪರಿಮಳಕ್ಕೆ ಸುರಿಯುವ ಬದಲು ತೇವವನ್ನು ಹೊರಹಾಕಲು ಬಳಸುವುದು ಜಾಣತನ. ಹಾಗೆ ಮಾಡಲು ಹೆಚ್ಚು ಹಣವೂ ಬೇಕಾಗುವುದಿಲ್ಲ ಎಂಬುದಕ್ಕೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೆಯ ಮನೆಗಳು ಉತ್ತಮ ನಿದರ್ಶನವಾಗಿವೆ.

ಈ ಸೀಮೆ ಬಿಸಿಲಿಗೆ ಹೆಸರಾದುದು. ಇಲ್ಲಿ ತೇವದ ಮಾತೇಕೆ ಎಂದು ಬೆಂಗಳೂರಿನ ಓದುಗರು ಕೇಳಬಹುದು. ಆದರೆ ಸೆಪ್ಟೆಂಬರ್ ತಿಂಗಳಲ್ಲಿ ಇಲ್ಲಿ ಮಳೆ ಜೋರು. ತೊಗರಿ, ಜೋಳ ಬೆಳೆಯುವ ಕಪ್ಪು ಎರೆಮಣ್ಣು ನೀರನ್ನು ಕುಡಿದು ಉಬ್ಬುತ್ತದೆ, ಬೇಗನೆ ಬಿಟ್ಟುಕೊಡುವುದಿಲ್ಲ. ಆ ತೇವ ಬುನಾದಿಯ ಮೂಲಕ ಗೋಡೆಯನ್ನು ಏರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟಾಗ ಗೋಡೆಯೂ ಬಿರಿಯುವುದುಂಟು; ಮುಂದಿನ ಮಳೆಗೆ ಆ ಬಿರುಕೇ ನೀರಿನ ದಾರಿ.

ಹಿಂದಿನವರು ಇಂತಹ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಹೊಸದಾಗಿ ಬಳಿದ ಸುಣ್ಣದಲ್ಲಿ ಕ್ಷಾರಗುಣ ಎಷ್ಟು ತೀವ್ರವೆಂದರೆ ಅದರ ಮೇಲೆ ಬೂಷ್ಟು ಬೇರೂರಲಾರದು. ಮಿಗಿಲಾಗಿ ಸುಣ್ಣದ ಲೇಪ ಗೋಡೆಯೊಳಗಿನ ತೇವವನ್ನು ಆವಿಯಾಗಿ ಹೊರಬಿಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣವು ಕಾಲಕ್ರಮೇಣ ಗಟ್ಟಿಯಾದಂತೆ ಅದರ ಕ್ಷಾರಗುಣ ಕುಂದುತ್ತದೆ. ಹಬ್ಬದ ಮುನ್ನ ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ರೂಢಿಯಲ್ಲಿ ಅಂದಕ್ಕಿಂತ ಹೆಚ್ಚಿನ ವಿವೇಕವಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಇಂದು ಅದೇ ಗೋಡೆಗಳ ಮೇಲೆ ಆಯಿಲ್ ಪೇಂಟ್ ಮತ್ತು ಪ್ಲಾಸ್ಟಿಕ್ ಬಣ್ಣಗಳು ಬಂದಿವೆ. ಅವು ತೇವಕ್ಕೆ ಮುಚ್ಚಳ ಹಾಕುತ್ತವೆ. ಬಣ್ಣ ಗುಳ್ಳೆಯೆದ್ದು ಉದುರುವುದು, ಉದುರಿದ ಜಾಗದಿಂದ ಮುಗ್ಗಲು ಹೊಮ್ಮುವುದು ಅದರ ಫಲ.

ಸುಣ್ಣ ಹಚ್ಚುವ ವಿಧಾನ ಕಷ್ಟದ್ದಲ್ಲ. ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಕನಿಷ್ಠ ಒಂದು ರಾತ್ರಿ ಬಿಟ್ಟು, ಸೋಸಿ, ತೆಳುಹಾಲಿನ ಹದಕ್ಕೆ ತರಬೇಕು. ಗೋಡೆಗೆ ನೀರು ಚಿಮುಕಿಸಿ ತೆಳುವಾಗಿ ಎರಡು ಮೂರು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದರೆ ಸಿಪ್ಪೆಯೇಳುತ್ತದೆ. ಸುಣ್ಣ ಅರಳುವಾಗ ಕುದಿಯುವಷ್ಟು ಬಿಸಿಯಾಗುವುದರಿಂದ ಮಕ್ಕಳು ಹತ್ತಿರ ಸುಳಿಯಬಾರದು; ಕಣ್ಣಿಗೆ ಸಿಡಿದರೆ ಹೆಚ್ಚು ನೀರಿನಿಂದ ತೊಳೆದು ವೈದ್ಯರ ಬಳಿ ಧಾವಿಸಬೇಕು.

ಗೋಡೆಯಿಂದ ನೆಲಕ್ಕೆ ಬಂದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಮನೆ ಘಮಘಮಿಸಲು ನಿಂಬೆರಸ ಅಥವಾ ವಿನೆಗರ್ ಬೆರೆಸಿದ ನೀರಿನಿಂದ ನೆಲ ಒರೆಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ನೆರೆಯ ವಿಜಯಪುರ ಜಿಲ್ಲೆಯ ಇಂಡಿ ಸೀಮೆ ನಿಂಬೆಗೆ ಪ್ರಸಿದ್ಧವಾದುದರಿಂದ ಇಲ್ಲಿ ಹಣ್ಣಿಗೇನೂ ಕೊರತೆಯಿಲ್ಲ. ಆದರೆ ಈ ಭಾಗದ ಬಹುಪಾಲು ಮನೆಗಳ ನೆಲ ಶಹಾಬಾದ್ ಕಲ್ಲಿನದು. ಅದು ಸುಣ್ಣದ ಕಲ್ಲಿನ ಜಾತಿಗೆ ಸೇರಿದ್ದು, ಆಮ್ಲ ಸೋಕಿದೊಡನೆ ಕರಗಲಾರಂಭಿಸುತ್ತದೆ. ಒಂದು ಹನಿ ನಿಂಬೆರಸ ಬಿದ್ದ ಜಾಗ ಹೊಳಪು ಕಳೆದುಕೊಂಡು ಬಿಳಿಚಿಕೊಳ್ಳುವುದನ್ನು ಗೃಹಿಣಿಯರು ಕಂಡಿರುತ್ತಾರೆ. ಮೇಲ್ಮೈ ಒರಟಾದರೆ ಎಣ್ಣೆ, ಹಾಲು, ಕೊಳೆನೀರು ಕಲ್ಲಿನೊಳಗೆ ಇಳಿಯುತ್ತವೆ. ವಾಸನೆ ಹೋಗಲೆಂದು ಮಾಡಿದ ಕೆಲಸವೇ ವಾಸನೆಗೆ ಮನೆಮಾಡಿಕೊಡುತ್ತದೆ. ಶೌಚಾಲಯದ ಆ್ಯಸಿಡ್ ಅನ್ನಂತೂ ಈ ಕಲ್ಲಿನ ಬಳಿ ತರಲೇಬಾರದು. ಬೆಚ್ಚಗಿನ ನೀರಿಗೆ ಸ್ವಲ್ಪ ಮೃದು ಸಾಬೂನು ಬೆರೆಸಿ ಒರೆಸಿ, ಶುದ್ಧ ನೀರಿನಿಂದ ಇನ್ನೊಮ್ಮೆ ಒರೆಸಿ, ಒಣಬಟ್ಟೆ ಆಡಿಸಿದರೆ ಸಾಕು. ಎಣ್ಣೆ ಚೆಲ್ಲಿದಲ್ಲಿ ಅಡುಗೆ ಸೋಡಾವನ್ನು ಕಣಕದಂತೆ ಕಲಸಿ ರಾತ್ರಿಯಿಡೀ ಮೆತ್ತಿಡಬಹುದು. ಅಮೃತಶಿಲೆಗೂ ಇದೇ ನಿಯಮ ಅನ್ವಯಿಸುತ್ತದೆ. ಗ್ರಾನೈಟ್ ಹಾಗೂ ವಿಟ್ರಿಫೈಡ್ ಟೈಲ್ಸ್ ಇರುವ ಮನೆಯವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ.

ಲೋಬಾನದ ವಿಷಯವನ್ನು ಇಲ್ಲಿ ಪ್ರಸ್ತಾಪಿಸದೆ ಇರಲಾಗದು. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ದತ್ತ ಸನ್ನಿಧಿಗೂ ನಡೆದುಕೊಳ್ಳುವ ಕುಟುಂಬಗಳಲ್ಲಿ ಸಂಜೆ ಕೆಂಡದ ಮೇಲೆ ಲೋಬಾನ ಅಥವಾ ಧೂಪ ಹಾಕುವುದು ವಾಡಿಕೆ. ಆ ಪರಿಮಳಕ್ಕೆ ಇರುವ ಭಕ್ತಿಯ ಸ್ಥಾನ ಪ್ರಶ್ನಾತೀತ. ಆದರೆ ಹೊಗೆಯು ಗಾಳಿಯನ್ನು ಶುದ್ಧಗೊಳಿಸುವುದಿಲ್ಲ. ಶ್ವಾಸಕೋಶಕ್ಕೆ ಇಳಿಯುವ ಸೂಕ್ಷ್ಮ ಕಣಗಳನ್ನು ಅದು ಹೆಚ್ಚಿಸುತ್ತದೆ. ಅಸ್ತಮಾ ರೋಗಿಗಳು, ಹಸುಗೂಸುಗಳು ಇರುವ ಮನೆಯಲ್ಲಿ ಕಿಟಕಿ ತೆರೆದು, ಚಿಟಿಕೆಯಷ್ಟು ಮಾತ್ರ ಹಾಕುವುದು ಲೇಸು. ಊದುಬತ್ತಿಗೂ ಇದೇ ಮಾತು.

ಗಾಳಿಯಾಡಲು ಎದುರುಬದುರಿನ ಎರಡು ಕಿಂಡಿಗಳು ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಕಿಟಕಿ ಮುಚ್ಚಿ ಬೆಳಗಿನ ಜಾವ ತೆರೆಯುವುದೂ, ಮಳೆಗಾಲದಲ್ಲಿ ಬಿಸಿಲು ಬಿದ್ದ ಗಳಿಗೆಯನ್ನು ಹಿಡಿದು ತೆರೆಯುವುದೂ ಸೂಕ್ತ. ಅದೇ ಬಿಸಿಲಿಗೆ ಕೌದಿ, ಹಾಸಿಗೆ, ದಿಂಬುಗಳನ್ನು ಹರವಬೇಕು. ಟ್ರಂಕಿನಲ್ಲಿಡುವ ಬಟ್ಟೆಗಳ ನಡುವೆ ಪೂರ್ತಿ ಒಣಗಿಸಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡುವುದು ಹಳೆಯ ಪದ್ಧತಿ. ಎಲೆ ಹಸಿಯಾಗಿದ್ದರೆ ಅದೇ ಬೂಷ್ಟು ಹಿಡಿಯುತ್ತದೆ. ಜಾಲಿ ಇದ್ದಿಲಿನ ತುಂಡುಗಳೂ ತುಸು ವಾಸನೆಯನ್ನು ಹೀರುತ್ತವೆ, ಆದರೆ ಅವುಗಳಿಂದ ಪವಾಡವನ್ನು ನಿರೀಕ್ಷಿಸಬಾರದು. ಡಾಂಬರು ಗುಳಿಗೆ ಅಗ್ಗವಾದರೂ ಅದರ ಆವಿಯಿಂದ ಕೆಲವು ಶಿಶುಗಳಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ಕಾಣಿಸಿಕೊಳ್ಳುತ್ತದೆ. ಕೂಸಿನ ಬಟ್ಟೆಗಳಿಂದ ಅದನ್ನು ದೂರವಿಡುವುದು ಕಡ್ಡಾಯ.

ಬಚ್ಚಲಿನ ದುರ್ನಾತಕ್ಕೆ ಬಹುತೇಕ ಸಂದರ್ಭಗಳಲ್ಲಿ ಖರ್ಚೇ ಇಲ್ಲದ ಪರಿಹಾರವಿದೆ. ಮೋರಿಯ ಬಾಯಲ್ಲಿರುವ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಚರಂಡಿಯ ಅನಿಲವನ್ನು ತಡೆಯುವ ಬಾಗಿಲು. ಬಳಸದ ಬಚ್ಚಲಿನಲ್ಲಿ, ಅದರಲ್ಲೂ ಇಲ್ಲಿನ ಬೇಸಿಗೆಯಲ್ಲಿ, ಅದು ಆರಿಹೋಗುತ್ತದೆ. ವಾರಕ್ಕೊಮ್ಮೆ ಒಂದು ತಂಬಿಗೆ ನೀರು ಸುರಿದರೆ ಸಮಸ್ಯೆ ಮುಗಿಯಿತು. ಕೂಲರಿನಿಂದ ಬರುವ ಹಳಸಿದ ವಾಸನೆಗೂ ಮೂಲ ನಿಂತ ನೀರೇ. ವಾರಕ್ಕೊಮ್ಮೆಯಾದರೂ ತೊಟ್ಟಿಯನ್ನು ಖಾಲಿ ಮಾಡಿ, ಉಜ್ಜಿ, ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆಗೂ ಅದರಿಂದ ತಡೆಯಾಗುತ್ತದೆ.

ನೆರೆಗೆ ಸಿಕ್ಕಿದ ಮನೆಗಳ ಸ್ಥಿತಿ ಮಾತ್ರ ಬೇರೆ. 2020ರ ಅಕ್ಟೋಬರ್‌ನಲ್ಲಿಯೂ 2025ರ ಸೆಪ್ಟೆಂಬರ್‌ನಲ್ಲಿಯೂ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಗ್ರಾಮಗಳಿಗೆ ನೀರು ನುಗ್ಗಿತ್ತು. ಇಂತಹ ಮನೆಯಲ್ಲಿ ಮೊದಲು ರಾಡಿಯನ್ನು ಸಂಪೂರ್ಣವಾಗಿ ತೆಗೆಯಬೇಕು, ಏಕೆಂದರೆ ಕೆಸರು ಉಳಿದಲ್ಲಿ ಬ್ಲೀಚಿಂಗ್ ಪುಡಿ ಕೆಲಸ ಮಾಡದು. ನಂತರ ಆ ಪುಡಿಯ ತಿಳಿನೀರಿನಿಂದ ತೊಳೆಯಬೇಕು. ಅದರೊಂದಿಗೆ ಆ್ಯಸಿಡ್ ಬೆರೆಸಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ನೆನೆದ ಹತ್ತಿಯ ಗಾದಿಗಳನ್ನು ಉಳಿಸಿಕೊಳ್ಳುವ ಆಸೆ ಸಹಜವಾದರೂ ಬಿಸಾಡುವುದೇ ಕ್ಷೇಮ.

ಗೋಡೆ ಒಣಗಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಅಷ್ಟರೊಳಗೆ ಕಲೆ ಮುಚ್ಚಲೆಂದು ಬಣ್ಣ ಹೊಡೆಸುವವರೇ ಹೆಚ್ಚು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ ಎರಡು ದಿನ ಬಿಟ್ಟು ನೋಡಿದರೆ ನಿಜ ತಿಳಿಯುತ್ತದೆ. ಹಾಳೆಯ ಒಳಮೈಯಲ್ಲಿ ನೀರಿನ ಹನಿಗಳು ಕಂಡರೆ ಬಣ್ಣದ ಡಬ್ಬಿಯನ್ನು ತೆರೆಯುವ ಕಾಲ ಇನ್ನೂ ಬಂದಿಲ್ಲ.